ದಕ್ಕೆಯ ಮಾಂಜಿಗೆ ಯಾವ ಹೆಸರು?

ಪ್ರಶ್ನೆ: ನಮ್ಮದು ಕುಂದಾಪುರದ ಹತ್ತಿರದ ಊರು. ಮೂರು ತಲೆಮಾರಿನಿಂದ ಮೀನುಗಾರಿಕೆ. ಬುಟ್ಟಿಯಲ್ಲಿ ಬಾಲ ಕಂಡರೆ ಸಾಕು, ಯಾವ ಮೀನು ಅಂತ ನಮ್ಮ ಅಜ್ಜಿ ಹೇಳುತ್ತಿದ್ದರು. ಈಗ ಮೀನಿನ ಡಿಎನ್‌ಎ ಬಾರ್‌ಕೋಡ್ ತೆಗೆದು ಜಾತಿ ಗುರುತಿಸುತ್ತಾರೆ, ಅದರಿಂದ ಸಮುದ್ರದ ಜೀವವೈವಿಧ್ಯದ ಮೇಲೆ ಕಣ್ಣಿಡಬಹುದು ಅಂತ ಓದಿದೆ. ಕಣ್ಣಿಗೆ ಕಾಣುವ ಮೀನಿಗೆ ಡಿಎನ್‌ಎ ಯಾಕೆ? ಒಂದು ಬಾಟಲಿ ನೀರು ಸಾಕು, ಮೀನು ಹಿಡಿಯೋದೇ ಬೇಡ ಅಂತಲೂ ಬರೆದಿದ್ದರು. ಇದು ಎಷ್ಟು ನಿಜ?

ಉತ್ತರ: ನಿಮ್ಮ ಅಜ್ಜಿಯ ಕಣ್ಣಿನ ಬಗ್ಗೆ ನನಗೆ ಅನುಮಾನವೇ ಇಲ್ಲ. ಬಂಗುಡೆ, ಬೂತಾಯಿ, ಕಾನೆ, ಅಂಜಲ್ ಗುರುತಿಸಲು ಯಾರೂ ಲ್ಯಾಬಿಗೆ ಹೋಗಬೇಕಿಲ್ಲ. ನಾನೂ ಹೋಗುವುದಿಲ್ಲ. ಆದರೆ ಮೊದಲು ಮಾಂಜಿಯ ಕಥೆ ಹೇಳುತ್ತೇನೆ, ನಿಮ್ಮ ಮೊದಲ ಪ್ರಶ್ನೆಗೆ ಅರ್ಧ ಉತ್ತರ ಅದರಲ್ಲೇ ಇದೆ.

ಬಿಳಿ ಮಾಂಜಿ, ಇಂಗ್ಲಿಷಿನಲ್ಲಿ ಸಿಲ್ವರ್ ಪಾಂಫ್ರೆಟ್, ಅದೇ ಬೆಲೆ ಕೇಳಿದರೆ ತಲೆ ತಿರುಗುವ ಮೀನು. ಪುಸ್ತಕದಲ್ಲಿ, ಸರ್ಕಾರಿ ಲೆಕ್ಕದಲ್ಲಿ, ಕಾಲೇಜಿನ ಪಾಠದಲ್ಲಿ, ಎಲ್ಲ ಕಡೆ ಅದರ ವೈಜ್ಞಾನಿಕ ಹೆಸರು ಪ್ಯಾಂಪಸ್ ಅರ್ಜೆಂಟಿಯಸ್ ಅಂತಲೇ ಇತ್ತು. ಈ ಅರ್ಜೆಂಟಿಯಸ್ ಹೆಸರು 1788ರದು. ಸ್ವೀಡನ್ನಿನ ಯೂಫ್ರಾಸೆನ್ ಎಂಬ ವಿದ್ವಾಂಸ ಚೀನಾ ಕಡೆಯ ಮೀನು ನೋಡಿ ಇಟ್ಟದ್ದು. 1829ರಲ್ಲಿ ಫ್ರಾನ್ಸಿನ ಕುವಿಯೆ ಹಿಂದೂ ಮಹಾಸಾಗರದ ಮಾಂಜಿಗೆ ಕ್ಯಾಂಡಿಡಸ್ ಅಂತ ಬೇರೆ ಹೆಸರು ಕೊಟ್ಟರು. ಆಮೇಲೆ ಬಂದವರು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ, ಎರಡೂ ಬೆಳ್ಳಗೆ, ಎರಡೂ ಚಪ್ಪಟೆ, ಬೇರೆ ಹೆಸರು ಸುಮ್ನೆ ಯಾಕೆ ಅಂತ ಕ್ಯಾಂಡಿಡಸ್ ಅನ್ನು ಅರ್ಜೆಂಟಿಯಸ್ ಒಳಗೇ ಸೇರಿಸಿಬಿಟ್ಟರು. ಅದು ಹಾಗೇ ನಡೆದುಕೊಂಡು ಬಂತು. ಕಳೆದ ದಶಕದಲ್ಲಿ ನಮ್ಮ ಕಡಲಿನ ಮಾಂಜಿಯ ಡಿಎನ್‌ಎಯನ್ನು ಚೀನಾ ಕಡಲಿನ ಮಾಂಜಿಯದರ ಜೊತೆ ಹೋಲಿಸಿದಾಗ ಎರಡೂ ಬೇರೆ ಪ್ರಭೇದ ಅಂತ ತಿಳಿಯಿತು. ನಮ್ಮದು ಕ್ಯಾಂಡಿಡಸ್. ಕುವಿಯೆ ಹೇಳಿದ್ದೇ ಸರಿ ಇತ್ತು.

ಇಲ್ಲಿ ತಪ್ಪಿದ್ದು ನಿಮ್ಮ ಅಜ್ಜಿ ಅಲ್ಲ, ಪುಸ್ತಕ ಬರೆದವರು. ಅಜ್ಜಿ ಮಾಂಜಿ ಅಂದರು, ಅದು ಮಾಂಜಿಯೇ. ಆದರೆ ಹೆಸರು ತಪ್ಪಿದ್ದರಿಂದ ಏನಾಯಿತು ನೋಡಿ. ಒಂದು ಮೀನು ಎಷ್ಟು ದಿನಕ್ಕೆ ಬೆಳೆಯುತ್ತದೆ, ಯಾವ ತಿಂಗಳಲ್ಲಿ ಮೊಟ್ಟೆ ಇಡುತ್ತದೆ, ಎಷ್ಟು ಉದ್ದವಾದ ಮೇಲೆ ಹಿಡಿಯಬಹುದು, ಇವೆಲ್ಲ ಹೆಸರಿನ ಜೊತೆಗೇ ಬರುತ್ತವೆ. ಅರ್ಜೆಂಟಿಯಸ್ ಅಂತ ಹುಡುಕಿದರೆ ಪೂರ್ವ ಏಷ್ಯಾದ ಕಡಲಿನ ಲೆಕ್ಕ ಸಿಗುತ್ತದೆ. ಅದನ್ನು ತಂದು ಅರಬ್ಬಿ ಸಮುದ್ರದ ಬೇರೆಯೇ ಮೀನಿಗೆ ಅನ್ವಯಿಸಿದರೆ? ನೆರೆಮನೆಯ ಹುಡುಗನ ಅಳತೆ ಕೊಟ್ಟು ನಿಮ್ಮ ಮಗನಿಗೆ ಅಂಗಿ ಹೊಲಿಸಿದ ಹಾಗೆ ಆಗುತ್ತದೆ. ಮಹಾರಾಷ್ಟ್ರ 2023ರಲ್ಲಿ ಬಿಳಿ ಮಾಂಜಿಯನ್ನು ರಾಜ್ಯದ ಮೀನು ಅಂತ ಘೋಷಿಸಿತು. ಮೀನು ಕಡಿಮೆಯಾಗುತ್ತಿದೆ, ಕಾಪಾಡಬೇಕು ಅನ್ನೋ ಕಾಳಜಿ ಅದರ ಹಿಂದಿತ್ತು. ಕಾಪಾಡಬೇಕಾದರೆ ಯಾವ ಮಾಂಜಿ ಅಂತ ಗೊತ್ತಿರಬೇಕು, ಅಲ್ವಾ?

ಇನ್ನು ಕಪ್ಪು ಮಾಂಜಿ. ಅದು ಮಾಂಜಿಯ ಮನೆತನದ್ದೇ ಅಲ್ಲ. ನಾವು ಇಂಗ್ಲಿಷಿನಲ್ಲಿ ಟ್ರೆವಾಲಿ ಅನ್ನುವ ಮೀನುಗಳ ಕುಟುಂಬಕ್ಕೆ ಸೇರಿದ್ದು. ಆಕಾರ ನೋಡಿ, ರುಚಿ ನೋಡಿ ಹೆಸರು ಇಟ್ಟಿದ್ದಾರೆ. ಅಡುಗೆಗೆ ಅಷ್ಟು ಸಾಕು. ಸಂತತಿಯ ಲೆಕ್ಕಕ್ಕೆ ಸಾಲದು.

ಈಗ ಬಾರ್‌ಕೋಡ್ ಅಂದರೇನು ನೋಡೋಣ. ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾಲಯದ ಪಾಲ್ ಹೆಬರ್ಟ್ 2003ರಲ್ಲಿ ಒಂದು ಸರಳ ಮಾತು ಹೇಳಿದರು. ಪ್ರಾಣಿಯ ಇಡೀ ಡಿಎನ್‌ಎ ಓದುವ ಅಗತ್ಯವಿಲ್ಲ, ಹೆಚ್ಚುಕಮ್ಮಿ ಎಲ್ಲ ಪ್ರಾಣಿಗಳಲ್ಲೂ ಇರುವ ಒಂದೇ ಒಂದು ಜೀನಿನ ಒಂದು ತುಂಡನ್ನು ಓದಿದರೆ ಜಾತಿ ಗೊತ್ತಾಗುತ್ತದೆ ಅಂತ. ಆ ಜೀನಿನ ಹೆಸರು ಸಿಒಐ. ಉಸಿರಾಟದಿಂದ ಶಕ್ತಿ ತಯಾರಿಸುವ ಕೆಲಸದಲ್ಲಿ ಅದಕ್ಕೊಂದು ಪಾಲಿದೆ, ಹಾಗಾಗಿ ಯಾವ ಮೀನೂ ಅದನ್ನು ಬಿಟ್ಟು ಬದುಕಲಾರದು. ಅದು ಇರುವುದು ಜೀವಕೋಶದ ಮೈಟೋಕಾಂಡ್ರಿಯದಲ್ಲಿ. ಒಂದೊಂದು ಕೋಶದಲ್ಲೂ ಅದರ ನೂರಾರು ಪ್ರತಿ ಇರುವುದರಿಂದ ಚೂರು ಮಾಂಸ ಸಿಕ್ಕಿದರೂ ಸಾಕು. ಓದಬೇಕಾದ ತುಂಡು ಸುಮಾರು 650 ಅಕ್ಷರದಷ್ಟು ಉದ್ದ. ಅಕ್ಷರ ಅಂದರೆ ಎ, ಸಿ, ಜಿ, ಟಿ, ಈ ನಾಲ್ಕೇ.

ಈ 650 ಅಕ್ಷರ ಮೀನಿನಲ್ಲಿ ಎಷ್ಟು ಕೆಲಸ ಮಾಡುತ್ತವೆ? 2005ರಲ್ಲಿ ಆಸ್ಟ್ರೇಲಿಯಾದ ರಾಬರ್ಟ್ ವಾರ್ಡ್ ಮತ್ತು ಜೊತೆಗಾರರು 207 ಪ್ರಭೇದದ ಮೀನುಗಳನ್ನು ಓದಿದರು. ಒಂದೇ ಪ್ರಭೇದದ ಎರಡು ಮೀನುಗಳ ನಡುವೆ ಸರಾಸರಿ ವ್ಯತ್ಯಾಸ ಶೇ 0.39. ಒಂದೇ ಕುಲದ ಎರಡು ಬೇರೆ ಪ್ರಭೇದಗಳ ನಡುವೆ ಶೇ 9.93. ಶೇಕಡಾ ಬಿಡಿ, ಅಕ್ಷರದಲ್ಲೇ ಎಣಿಸಿ. ಅಣ್ಣತಮ್ಮಂದಿರಲ್ಲಿ 650ಕ್ಕೆ ಎರಡೋ ಮೂರೋ ಅಕ್ಷರ ಬೇರೆ, ದಾಯಾದಿಗಳಲ್ಲಿ ಅರವತ್ತಕ್ಕೂ ಜಾಸ್ತಿ. ಲಖನೌದ ರಾಷ್ಟ್ರೀಯ ಮೀನು ಆನುವಂಶಿಕ ಸಂಪನ್ಮೂಲ ಬ್ಯೂರೋದವರು ಭಾರತದ ಕಡಲಿನ 115 ಪ್ರಭೇದಗಳ ಬಗ್ಗೆ 2011ರಲ್ಲಿ ಇಂಥದ್ದೇ ಲೆಕ್ಕ ಕೊಟ್ಟರು. ಒಳಗೆ ಶೇ 0.30, ಹೊರಗೆ ಶೇ 6.60. ಅಂದರೆ ಎರಡು ಅಕ್ಷರ ಮತ್ತು ನಲವತ್ತು ಚಿಲ್ಲರೆ. ಈ ಎರಡರ ನಡುವೆ ಇಷ್ಟು ದೊಡ್ಡ ಅಂತರ ಇದೆಯಲ್ಲ, ಇಡೀ ವಿಧಾನ ನಿಂತಿರುವುದು ಅದರ ಮೇಲೆ.

ಲ್ಯಾಬಿನಲ್ಲಿ ನಡೆಯುವ ಕೆಲಸ ನೋಡಿದರೆ ನಿಮಗೆ ಸ್ವಲ್ಪ ನಿರಾಸೆಯಾದೀತು, ಯಾಕೆಂದರೆ ಹೆಚ್ಚಿನದು ಕಾಯುವ ಕೆಲಸ. ಮೀನಿನ ಬಲ ಪಕ್ಕದಿಂದ, ಹುರುಪೆ ಕೆರೆದು, ಅಕ್ಕಿ ಕಾಳಿನಷ್ಟು ಮಾಂಸ ತೆಗೆಯುತ್ತೇವೆ. ಎಡ ಪಕ್ಕ ಮುಟ್ಟುವುದಿಲ್ಲ, ಅದು ಫೋಟೋಕ್ಕೆ. ಮಾಂಸ ಕರಗಿಸುವ ಕಿಣ್ವ ಹಾಕಿ 56 ಡಿಗ್ರಿ ಬಿಸಿಯಲ್ಲಿ ಇಡುತ್ತೇವೆ. ಬೆಳಿಗ್ಗೆ ಬಂದು ನೋಡಿದರೆ ಮಾಂಸ ಮಾಯ, ತಿಳಿ ಗಂಜಿಯಂಥ ದ್ರವ. ಅದರಿಂದ ಡಿಎನ್‌ಎ ಬೇರ್ಪಡಿಸಿ ಪಿಸಿಆರ್ ಯಂತ್ರಕ್ಕೆ. ಕೋವಿಡ್ ಬಂದ ಮೇಲೆ ಈ ಹೆಸರು ಎಲ್ಲರಿಗೂ ಗೊತ್ತು. ಬಿಸಿ, ತಣ್ಣಗೆ, ಮತ್ತೆ ಬಿಸಿ, ಹೀಗೆ 35 ಸುತ್ತು. ಪ್ರತಿ ಸುತ್ತಿಗೂ ನಮಗೆ ಬೇಕಾದ ತುಂಡು ಎರಡರಷ್ಟಾಗುತ್ತದೆ. ಬರೀ ಲೆಕ್ಕಕ್ಕೆ ಹೇಳುವುದಾದರೆ ಒಂದು ಪ್ರತಿ 3,400 ಕೋಟಿ ದಾಟುತ್ತದೆ. ಆಮೇಲೆ ಸೀಕ್ವೆನ್ಸಿಂಗ್, ಅಂದರೆ ಅಕ್ಷರಗಳನ್ನು ಸಾಲಾಗಿ ಓದುವುದು. ಪರದೆ ಮೇಲೆ ನಾಲ್ಕು ಬಣ್ಣದ ಅಲೆಗಳು ಸಾಲಾಗಿ ಬರುತ್ತವೆ, ಒಂದೊಂದು ಶಿಖರ ಒಂದೊಂದು ಅಕ್ಷರ. ಅಲೆಗಳು ಚೊಕ್ಕವಾಗಿ ಬಂದ ದಿನ ಚಹಾ ಕೂಡ ರುಚಿಯಾಗಿರುತ್ತದೆ.

ಅಲೆಗಳೇ ಬಾರದ ದಿನಗಳೂ ಇವೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಕಡೆಯ ಹಳೇ ಸಂಗ್ರಹದಿಂದ ಹನ್ನೆರಡು ಜಾಡಿ ಮೀನು ತಂದಿದ್ದೆ. ಎಂಥ ಚಂದದ ಮೀನುಗಳು, ಚೀಟಿಯಲ್ಲಿ ಊರು, ತಾರೀಖು ಎಲ್ಲ ಇತ್ತು. ವಾರಗಟ್ಟಲೆ ಒದ್ದಾಡಿದೆ, ಒಂದರಲ್ಲೂ ಏನೂ ಬರಲಿಲ್ಲ. ಎಲ್ಲ ಫಾರ್ಮಲಿನ್‌ನಲ್ಲಿ ಇಟ್ಟ ಮೀನು. ಫಾರ್ಮಲಿನ್ ಮೈಯನ್ನು ಕೆಡದಂತೆ ಹಿಡಿದಿಡುತ್ತದೆ, ಡಿಎನ್‌ಎಯನ್ನು ಮಾತ್ರ ಗಂಟು ಹಾಕಿ ತುಂಡುತುಂಡು ಮಾಡುತ್ತದೆ. ಅದಕ್ಕೇ ನೋಡಿ, ನೂರು ವರ್ಷದ ಹಿಂದಿನ ಪಟ್ಟಿಯಲ್ಲಿ ಅರ್ಜೆಂಟಿಯಸ್ ಅಂತ ಬರೆದ ಮಾಂಜಿ ನಿಜವಾಗಿ ಯಾವುದು ಅಂತ ಇವತ್ತು ತಿರುಗಿ ನೋಡುವುದು ಅಷ್ಟು ಕಷ್ಟ.

ಹಾಗಾದರೆ ಕಣ್ಣು ಸೋಲುವುದು ಎಲ್ಲಿ? ಮಲ್ಪೆ ದಕ್ಕೆಗೆ ಟ್ರಾಲ್ ಬೋಟು ಬಂದಾಗ ನೀವೇ ನೋಡಿರುತ್ತೀರಿ. ಒಳ್ಳೆ ಮೀನು ಬೇರೆ ಬುಟ್ಟಿಗೆ ಹೋದ ಮೇಲೆ ಕೊನೆಗೆ ಒಂದು ರಾಶಿ ಉಳಿಯುತ್ತದೆ. ಬೆರಳುದ್ದದ್ದು, ಉಗುರುದ್ದದ್ದು, ಬಲೆಯ ತುದಿಯಲ್ಲಿ ಜಜ್ಜಿ ಹೋದದ್ದು. ಫಿಶ್‌ಮೀಲ್ ಕಾರ್ಖಾನೆಯ ಲಾರಿಗೆ ಹೋಗುವ ರಾಶಿ. ಅದರಲ್ಲಿ ಹುಟ್ಟಾ ಚಿಕ್ಕದಾಗಿರುವ ಮೀನು ಎಷ್ಟು, ಆರು ತಿಂಗಳು ಬಿಟ್ಟಿದ್ದರೆ ದೊಡ್ಡ ಬೆಲೆಗೆ ಮಾರಬಹುದಾಗಿದ್ದ ಮರಿ ಎಷ್ಟು? ಮರಿಗಳಿಗೆ ದೊಡ್ಡವರ ಬಣ್ಣ ಇರುವುದಿಲ್ಲ, ರೆಕ್ಕೆಯ ಆಕಾರವೂ ಬೇರೆ. ಇನ್ನೂ ಹಿಂದಕ್ಕೆ ಹೋದರೆ ನೀರಿನಲ್ಲಿ ತೇಲುವ ಮೊಟ್ಟೆ. ಸೂಕ್ಷ್ಮದರ್ಶಕದಡಿ ಎಲ್ಲವೂ ಸಾಬುದಾಣಿ ಬೇಯಿಸಿದ ಹಾಗೆ ಕಾಣುತ್ತವೆ. ಯಾವ ಮೀನು ಯಾವ ಕಡೆ ಯಾವ ತಿಂಗಳು ಮೊಟ್ಟೆ ಇಡುತ್ತದೆ ಅಂತ ತಿಳಿಯಲು ಆ ಮೊಟ್ಟೆಯ ಬಾರ್‌ಕೋಡ್ ಓದುವುದಕ್ಕಿಂತ ನೇರ ದಾರಿ ಇಲ್ಲ. ನಮ್ಮಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳಿಗೆ ರಜೆ. ಆ ರಜೆ ಯಾವ ಯಾವ ಮೀನಿನ ಮೊಟ್ಟೆ ಇಡುವ ಕಾಲಕ್ಕೆ ಸರಿಹೊಂದುತ್ತದೆ, ಯಾವುದಕ್ಕೆ ಇಲ್ಲ ಅನ್ನುವ ಚರ್ಚೆಗೆ ಇಂಥ ಮಾಹಿತಿ ಬೇಕು. ನನ್ನ ಕೇಳಿದರೆ ಬಾರ್‌ಕೋಡಿನ ದೊಡ್ಡ ಉಪಯೋಗ ಇದೇ. ಹೊಸ ಪ್ರಭೇದ ಸಿಕ್ಕಿತು ಅಂತ ಪೇಪರಿನಲ್ಲಿ ಬರುವುದೆಲ್ಲ ಆಮೇಲಿನ ಮಾತು.

ತುಂಡು ಮಾಡಿದ ಮೀನೂ ಹಾಗೇ. ತಾಟೆಯ, ಅಂದರೆ ಶಾರ್ಕಿನ, ರೆಕ್ಕೆ ಕತ್ತರಿಸಿ ಒಣಗಿಸಿದ ಮೇಲೆ ಯಾವ ತಾಟೆ ಅಂತ ಹೇಳುವುದು ಪಳಗಿದವರಿಗೂ ಸುಲಭವಲ್ಲ. ಸುತ್ತಿಗೆ ತಲೆಯ ಶಾರ್ಕ್‌ಗಳ ಕೆಲವು ಪ್ರಭೇದಗಳ ವ್ಯಾಪಾರವನ್ನು 2013ರಲ್ಲಿ ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದಡಿ ತಂದರು. ಭಾರತ 2015ರಲ್ಲಿ ಶಾರ್ಕ್ ರೆಕ್ಕೆಯ ರಫ್ತನ್ನೇ ನಿಲ್ಲಿಸಿತು. ಮೂಟೆಯಲ್ಲಿರುವುದು ಯಾವುದರ ರೆಕ್ಕೆ ಅಂತ ಸಾಬೀತು ಮಾಡಬೇಕಾದಾಗ ಡಿಎನ್‌ಎಯೇ ಸಾಕ್ಷಿ. 2008ರಲ್ಲಿ ನ್ಯೂಯಾರ್ಕಿನ ಇಬ್ಬರು ಶಾಲಾ ಹುಡುಗಿಯರು ಹೋಟೆಲು, ಅಂಗಡಿಗಳಿಂದ ಮೀನಿನ ತುಂಡು ತಂದು ಬಾರ್‌ಕೋಡ್ ಮಾಡಿಸಿದರು. ಸುಮಾರು ಕಾಲು ಭಾಗಕ್ಕೆ ಬೋರ್ಡಿನಲ್ಲಿ ಒಂದು ಹೆಸರು, ಒಳಗೆ ಇನ್ನೊಂದು ಮೀನು.

ಇಷ್ಟು ಹೇಳಿದ ಮೇಲೆ ಇದರ ಹುಳುಕನ್ನೂ ಹೇಳಬೇಕು. ಯಂತ್ರ ಮೀನಿನ ಹೆಸರು ಹೇಳುವುದಿಲ್ಲ. ಅದು ಕೊಡುವುದು ಅಕ್ಷರದ ಸಾಲು ಮಾತ್ರ. ಆ ಸಾಲನ್ನು ಬೋಲ್ಡ್, ಜೀನ್‌ಬ್ಯಾಂಕ್ ಎಂಬ ದೊಡ್ಡ ಭಂಡಾರಗಳಲ್ಲಿ ಹಾಕಿ ಹುಡುಕುತ್ತೇವೆ. ಹೊಂದುವ ಸಾಲು ಸಿಕ್ಕಿದರೆ ಅದಕ್ಕೆ ಯಾರೋ ಇಟ್ಟ ಹೆಸರು ಬರುತ್ತದೆ. ಆ ಯಾರೋ ತಪ್ಪು ಮಾಡಿದ್ದರೆ? ಮಾಂಜಿಯ ಕುಲದಲ್ಲಿ ಇದು ಬೇಕಾದಷ್ಟು ಆಗಿದೆ. ಮಾರುಕಟ್ಟೆಯಿಂದ ಮೀನು ತಂದು, ರೂಢಿಯ ಮೇಲೆ ಅರ್ಜೆಂಟಿಯಸ್ ಅಂತ ಬರೆದು, ಸೀಕ್ವೆನ್ಸ್ ಏರಿಸಿದ್ದಾರೆ. ಮುಂದಿನವರು ತಮ್ಮ ಮೀನನ್ನು ಅದಕ್ಕೆ ಹೋಲಿಸಿ, ಶೇ 100 ಹೊಂದಿಕೆ ಅಂತ ಖುಷಿಪಟ್ಟು, ಅದೇ ಹೆಸರು ಬರೆದು ತಮ್ಮದನ್ನೂ ಸೇರಿಸಿದ್ದಾರೆ. ತಪ್ಪಿಗೆ ತಪ್ಪೇ ಸಾಕ್ಷಿ.

ಇದಕ್ಕೆ ಇರುವ ಮದ್ದು ಹಳೇ ಕಾಲದ್ದು, ಮೀನನ್ನೇ ಇಟ್ಟುಕೊಳ್ಳುವುದು. ಯಾವ ಮೀನಿನಿಂದ ಆ ಅಕ್ಕಿ ಕಾಳಿನಷ್ಟು ಮಾಂಸ ತೆಗೆದಿರೋ, ಆ ಇಡೀ ಮೀನು, ಅದೇ ನಂಬರಿನ ಚೀಟಿ ಕಟ್ಟಿಕೊಂಡು, ಒಂದು ಮ್ಯೂಸಿಯಂನಲ್ಲಿ ಇರಬೇಕು. ನಾಳೆ ಯಾರಿಗಾದರೂ ಅನುಮಾನ ಬಂದರೆ ಜಾಡಿ ತೆಗೆದು, ರೆಕ್ಕೆಯ ಮುಳ್ಳು ಎಣಿಸಿ, ಎಕ್ಸ್‌ರೇಯಲ್ಲಿ ಬೆನ್ನುಮೂಳೆ ಎಣಿಸಿ ನೋಡಬಹುದು. ಕೊಚ್ಚಿಯ ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ, ಅಂದರೆ ಸಿಎಂಎಫ್‌ಆರ್‌ಐ, ಇಂಥ ಸಂಗ್ರಹ ಇಟ್ಟುಕೊಂಡಿದೆ. ಮೀನು ಇಟ್ಟುಕೊಳ್ಳದೆ ಬರೀ ಸೀಕ್ವೆನ್ಸ್ ಪ್ರಕಟಿಸುವುದು ನನಗೆ ಈಗಲೂ ಹಿಡಿಸದ ವಿಷಯ. ಮುಳ್ಳು ಎಣಿಸಿ ಮೀನು ಗುರುತಿಸುವ ವಿದ್ಯೆ ಕಲಿಯಲು ಹುಡುಗರು ಮುಂದೆ ಬರುತ್ತಿಲ್ಲ, ಎಲ್ಲರಿಗೂ ಪಿಸಿಆರ್ ಬೇಕು. ಆದರೆ ಭಂಡಾರಕ್ಕೆ ಮೊದಲ ಹೆಸರು ಕೊಡಬೇಕಾದವರು ಆ ಮುಳ್ಳು ಎಣಿಸುವವರೇ.

ಇನ್ನೂ ಒಂದೆರಡು ತೊಡಕಿವೆ. ಸಿಒಐ ತಾಯಿಯಿಂದ ಮಾತ್ರ ಬರುತ್ತದೆ. ಎರಡು ಪ್ರಭೇದ ಕೂಡಿ ಮಿಶ್ರ ಮರಿ ಹುಟ್ಟಿದರೆ ಬಾರ್‌ಕೋಡ್ ತಾಯಿಯ ಹೆಸರನ್ನೇ ಹೇಳುತ್ತದೆ. ಟ್ಯೂನಾಗಳಂಥ, ಇತ್ತೀಚೆಗೆ ಕವಲೊಡೆದ ಪ್ರಭೇದಗಳಲ್ಲಿ ಅಕ್ಷರದ ವ್ಯತ್ಯಾಸ ತೀರಾ ಕಡಿಮೆ, ಅಲ್ಲಿ ಬೇರೆ ಜೀನ್‌ಗಳ ಸಹಾಯವೂ ಬೇಕಾಗುತ್ತದೆ.

ಈಗ ನಿಮ್ಮ ಬಾಟಲಿ ನೀರಿಗೆ ಬರೋಣ. ನಿಜ, ಮೀನು ಈಜುವಾಗ ಲೋಳೆ, ಚರ್ಮದ ಕಣ, ಹಿಕ್ಕೆ ಎಲ್ಲ ನೀರಿಗೆ ಸೇರುತ್ತದೆ, ಅದರಲ್ಲಿ ಡಿಎನ್‌ಎ ಇರುತ್ತದೆ. ನೀರನ್ನು ಸೂಕ್ಷ್ಮ ಸೋಸುಕದಲ್ಲಿ ಸೋಸಿ, ಸೋಸುಕದ ಮೇಲೆ ಉಳಿದದ್ದನ್ನು ಓದಿದರೆ ಅಲ್ಲಿ ಯಾರು ಓಡಾಡಿದ್ದಾರೆ ಅಂತ ಗೊತ್ತಾಗುತ್ತದೆ. ಇದಕ್ಕೆ ಪರಿಸರ ಡಿಎನ್‌ಎ ಅಂತಾರೆ. ಡೆನ್ಮಾರ್ಕಿನವರು 2012ರಲ್ಲಿ ಅರ್ಧ ಅರ್ಧ ಲೀಟರ್ ಸಮುದ್ರದ ನೀರಿನಲ್ಲಿ 15 ಪ್ರಭೇದದ ಮೀನುಗಳ ಗುರುತು ಹಿಡಿದರು. ಜಪಾನಿನ ಮಿಯಾ ಮತ್ತು ಸಂಗಡಿಗರು 2015ರಲ್ಲಿ ಮಿಫಿಶ್ ಎಂಬ ವಿಧಾನವನ್ನು ಓಕಿನಾವಾದ ಚುರೌಮಿ ಅಕ್ವೇರಿಯಂನಲ್ಲಿ ಪರೀಕ್ಷೆ ಮಾಡಿದರು. ನಾಲ್ಕು ಟ್ಯಾಂಕಿನಲ್ಲಿ ಒಟ್ಟು 180 ಪ್ರಭೇದ ಇದ್ದವು, ನೀರಿನಲ್ಲಿ 168 ಸಿಕ್ಕವು. ಒಳ್ಳೆ ಫಲಿತಾಂಶ. ಆದರೆ ಗೋಡೆ ಇರುವ ಟ್ಯಾಂಕಿನಲ್ಲೇ 12 ತಪ್ಪಿಸಿಕೊಂಡವು ಅನ್ನುವುದನ್ನೂ ನೆನಪಿಡಿ.

ಕಡಲಿಗೆ ಗೋಡೆ ಇಲ್ಲ. ಗಂಗೊಳ್ಳಿ ಬಂದರಿನಲ್ಲಿ ನಿಂತು ಒಂದು ಬಾಟಲಿ ನೀರು ತುಂಬಿಸಿ ನೋಡಿ. ಬೋಟು ತೊಳೆದ ನೀರು, ಐಸು ಕರಗಿದ ನೀರು, ಮೀನು ಕೊಯ್ದ ರಕ್ತ ಎಲ್ಲ ಅಲ್ಲೇ ಬೀಳುತ್ತದೆ. ನೂರಾರು ಮೀಟರ್ ಆಳದಲ್ಲಿ ಹಿಡಿದ ಮೀನಿನ ಡಿಎನ್‌ಎ ಹೊಳೆಬಾಯಿಯಲ್ಲಿ ಸಿಗುತ್ತದೆ. ಅದನ್ನು ನಂಬಿ ಆಳದ ಮೀನು ಹೊಳೆಗೆ ಬಂದಿದೆ ಅಂತ ಬರೆದರೆ ನಿಮ್ಮ ಊರಿನವರು ನಗುತ್ತಾರೆ. ಅದಕ್ಕೆ ದಕ್ಕೆಯಿಂದ ದೂರ ಹೋಗಿ, ಬೇರೆ ಬೇರೆ ಜಾಗ, ಬೇರೆ ಬೇರೆ ಆಳದ ನೀರು ತೆಗೆಯಬೇಕು. ಜೊತೆಗೆ ಬರೀ ಶುದ್ಧ ನೀರಿನ ಒಂದು ಬಾಟಲಿಯನ್ನೂ ಅದೇ ದಾರಿಯಲ್ಲಿ ಕೊನೆವರೆಗೆ ಒಯ್ಯಬೇಕು. ಅದರಲ್ಲೂ ಬಂಗುಡೆ ಸಿಕ್ಕಿತು ಅಂದರೆ ಮಧ್ಯಾಹ್ನದ ಊಟ ಮಾಡಿದ ಕೈ ಯಾರದೋ ತಾಗಿದೆ ಅಂತ ಅರ್ಥ. ಮಳೆಗಾಲದಲ್ಲಿ ಕೆಂಪು ನೀರು ಬೇರೆ. ಅರ್ಧ ಲೀಟರ್ ಆಗುವಷ್ಟರಲ್ಲಿ ಸೋಸುಕ ಕಟ್ಟಿಕೊಳ್ಳುತ್ತದೆ.

ಜಾಸ್ತಿ ಜನ ಗಮನಿಸದ ಒಂದು ವಿಷಯ ಇದೆ. ನೀರಿನಲ್ಲಿರುವ ಡಿಎನ್‌ಎ ಚೂರುಚೂರಾಗಿರುತ್ತದೆ, 650 ಅಕ್ಷರದ ಉದ್ದನೆಯ ತುಂಡು ಸಿಗುವುದು ಕಷ್ಟ. ಅದಕ್ಕೆ ಮಿಫಿಶ್‌ನಲ್ಲಿ 12ಎಸ್ ಅನ್ನುವ ಬೇರೆ ಜೀನಿನ ಸುಮಾರು 170 ಅಕ್ಷರದ ಗಿಡ್ಡ ತುಂಡನ್ನು ಓದುತ್ತಾರೆ. ಆದರೆ ಹತ್ತಾರು ವರ್ಷ ಕಷ್ಟಪಟ್ಟು ಕಟ್ಟಿದ ಮೀನಿನ ಭಂಡಾರ ಬಹುಪಾಲು ಸಿಒಐಯದು. ಬೀಗ ಬೇರೆ, ಬೀಗದಕೈ ಬೇರೆ. ನೀರಿನಲ್ಲಿ 12ಎಸ್ ಸಾಲು ಸಿಗುತ್ತದೆ, ಹೋಲಿಸಲು ನಮ್ಮ ಕಡಲಿನ ಮೀನಿನ 12ಎಸ್ ಇಲ್ಲದಿದ್ದರೆ ಕಂಪ್ಯೂಟರು ಹತ್ತಿರದ ಯಾವುದೋ ಪೂರ್ವ ಏಷ್ಯಾದ ಮೀನಿನ ಹೆಸರು ಕೊಡುತ್ತದೆ. ಮತ್ತೆ ಅರ್ಜೆಂಟಿಯಸ್! ಹಳೇ ಮೀನನ್ನೋ, ಕನಿಷ್ಠ ಅದರ ಮಾಂಸದ ಚೂರನ್ನೋ ಸ್ಪಿರಿಟ್‌ನಲ್ಲಿ ಇಟ್ಟವರು ಈಗ ಪುಣ್ಯವಂತರು. ಅದನ್ನೇ ತೆಗೆದು 12ಎಸ್ ಓದಿಸುತ್ತಾರೆ. ಇಡದವರು ಮತ್ತೆ ಬಲೆ ಬೀಸಬೇಕು.

ಮೀನು ಹಿಡಿಯೋದೇ ಬೇಡ ಅನ್ನುವ ಮಾತು ಹಾಗಾಗಿ ನಿಲ್ಲುವುದಿಲ್ಲ. ಡಿಎನ್‌ಎ ಇಲ್ಲಿ ಈ ಮೀನು ಇದೆ ಅನ್ನುತ್ತದೆ. ಎಷ್ಟು ಕಿಲೋ ಇದೆ, ಎಷ್ಟು ಉದ್ದ ಇದೆ, ಹೊಟ್ಟೆಯಲ್ಲಿ ಮೊಟ್ಟೆ ಇದೆಯಾ, ಅದ್ಯಾವುದನ್ನೂ ಹೇಳುವುದಿಲ್ಲ. ಸಿಎಂಎಫ್‌ಆರ್‌ಐಯವರು ದಕ್ಕೆಯಲ್ಲಿ ನಿಂತು, ಬೋಟು ಆರಿಸಿಕೊಂಡು, ಬುಟ್ಟಿ ಲೆಕ್ಕ ಬರೆಯುತ್ತಾರಲ್ಲ, ಆ ಕೆಲಸ ನಿಲ್ಲಿಸುವ ಹಾಗಿಲ್ಲ. ಬಲೆ ಹಾಕಲಾಗದ ಕಡೆ ಬಾಟಲಿ ಉಪಯೋಗಕ್ಕೆ ಬರುತ್ತದೆ. ನೇತ್ರಾಣಿ ದ್ವೀಪದ ಬಂಡೆ ಸಂದಿಯಲ್ಲಿ ಅಡಗಿರುವ ಮೀನು ಯಾವ ಬಲೆಗೂ ಸಿಗುವುದಿಲ್ಲ, ಮುಳುಗಿ ನೋಡುವವರ ಕಣ್ಣಿಗೂ ಎಲ್ಲ ಬೀಳುವುದಿಲ್ಲ. ಅಂಥ ಜಾಗದಲ್ಲಿ ಪ್ರತಿ ವರ್ಷ ಅದೇ ತಿಂಗಳು, ಅದೇ ಜಾಗದ ನೀರು ತೆಗೆದು ಇಟ್ಟರೆ ಹತ್ತು ವರ್ಷದಲ್ಲಿ ಯಾವುದು ಬಂತು, ಯಾವುದು ಹೋಯಿತು ಅಂತ ಹೇಳಬಹುದು. ಒಂದು ಸಲ ತೆಗೆದು ಫೋಟೋ ಹಾಕಿಕೊಂಡರೆ ಅದು ಪ್ರವಾಸ ಆಯಿತು.

ಕೊನೆಗೆ, ನೀವು ಕೇಳದಿದ್ದರೂ ಒಂದು ಕೆಲಸ ಹೇಳುತ್ತೇನೆ. ಬಲೆಯಲ್ಲಿ ಯಾರಿಗೂ ಹೆಸರು ಗೊತ್ತಿಲ್ಲದ ಮೀನು ಬಂದರೆ ಬಿಸಾಡಬೇಡಿ. ಬಣ್ಣ ಹೋಗುವ ಮೊದಲು ಎಡ ಪಕ್ಕದ ಫೋಟೋ ತೆಗೆಯಿರಿ, ಪಕ್ಕದಲ್ಲಿ ಸ್ಕೇಲೋ ಒಂದು ನಾಣ್ಯವೋ ಇರಲಿ. ಬೇರೆ ಮೀನಿನ ಜೊತೆ ಸೇರಿಸದೆ ಬೇರೆ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಐಸಿನಲ್ಲಿ ಇಡಿ, ದಡಕ್ಕೆ ಬಂದ ಮೇಲೆ ಫ್ರೀಜರಿಗೆ. ಉಪ್ಪು ಹಾಕಬೇಡಿ, ಫಾರ್ಮಲಿನ್ ಅಂತೂ ಬೇಡವೇ ಬೇಡ. ಜಿಪಿಎಸ್ ನೋಡಿ ಜಾಗ, ಆಳ, ತಾರೀಖು, ಯಾವ ಬಲೆ ಅಂತ ಪೆನ್ಸಿಲಿನಲ್ಲಿ ಬರೆದು ಚೀಲದೊಳಗೆ ಹಾಕಿ. ಪೆನ್ನಿನ ಶಾಯಿ ಅಳಿದು ಹೋಗುತ್ತದೆ. ಮಂಗಳೂರಿನಲ್ಲೂ ಕಾರವಾರದಲ್ಲೂ ಸಿಎಂಎಫ್‌ಆರ್‌ಐ ಕೇಂದ್ರಗಳಿವೆ, ಮಂಗಳೂರಿನಲ್ಲಿ ಮೀನುಗಾರಿಕಾ ಕಾಲೇಜೂ ಇದೆ, ಅಲ್ಲಿಗೆ ಕೊಡಿ. ಕೊಡುವ ಮೊದಲು ಊರಿನ ಹಿರಿಯರೊಬ್ಬರಿಗೆ ಆ ಮೀನು ತೋರಿಸಿ. ಅವರು ಏನಾದರೂ ಹೆಸರು ಹೇಳಿದರೆ ಅದನ್ನೂ ಅದೇ ಚೀಟಿಯಲ್ಲಿ ಬರೆಯಿರಿ.